ಐಸ್ ಸತ್ತ ಮಧ್ಯಾಹ್ನ

ಬಾರ್ ಕೌಂಟರಿನ ಹಿಂದೆ ನಿಂತವನ ಮಾನಕ್ಕೆ ಬಾಗಿಲಿಲ್ಲ. ಅಡುಗೆಯವನು ಪಾತ್ರೆ ಸೀಯಿಸಿದರೆ ಅದು ಅಡುಗೆಮನೆಯ ಗೋಡೆ ದಾಟುವುದಿಲ್ಲ, ದರ್ಜಿ ತಪ್ಪು ಹೊಲಿದರೆ ಬಿಚ್ಚಿ ಮತ್ತೆ ಹೊಲಿಯುತ್ತಾನೆ. ಬಾರಿನವನ ಕೈ ಜಾರಿದರೆ ಮಾತ್ರ ಎದುರಿಗೆ ಹತ್ತು ಸ್ಟೂಲು, ಹತ್ತು ಜೊತೆ ಕಣ್ಣು. ಆ ಕಣ್ಣುಗಳ ಮುಂದೆ ಮೂವತ್ತೊಂದು ವರ್ಷ ನಿಂತಿದ್ದ ಮೇಷ್ಟ್ರಿಗೆ ಇದು ಹೇಳಿಕೊಡಬೇಕಾದ ಮಾತಲ್ಲ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಕೆಲಸಕ್ಕೆ ಸೇರಿದವರಿಗೆಲ್ಲ ಗದರಿ ಗದರಿ ಕಲಿಸುತ್ತಿದ್ದರು, ಹೆಸರು ಅಂಟಿಕೊಂಡಿತು. ತಮ್ಮ ಪೇಚಾಟಗಳನ್ನು ಮಾತ್ರ ಅವರು ಯಾವತ್ತೂ ಮುಚ್ಚಿಟ್ಟವರಲ್ಲ. ಮುಚ್ಚಳ ಬಿಗಿಮಾಡದೆ ಶೇಕರ್ ಕುಲುಕಿ ಬ್ಯಾಂಕ್ ಮ್ಯಾನೇಜರ ಬೋಳು ತಲೆಗೆ ಟೊಮೇಟೊ ರಸದ ಅಭಿಷೇಕ ಮಾಡಿದ್ದು, ಹೆಂಡತಿಯ ಜೊತೆ ಬಂದ ಗಿರಾಕಿಗೆ "ಮೊನ್ನೆಯ ಮೇಡಂ ಬರಲಿಲ್ವಾ ಸರ್?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡಿದ್ದು, ನಿಂಬೆ ಸಿಪ್ಪೆಯ ಮೇಲೆ ಕಾಲಿಟ್ಟು ಕೌಂಟರಿನ ಹಿಂದೆ ಮಾಯವಾಗಿ ಮತ್ತೆ ಕೈಯಲ್ಲಿ ತುಂಬಿದ ಗ್ಲಾಸ್ ಹಿಡಿದೇ ಎದ್ದು ನಿಂತಿದ್ದು, ಎಲ್ಲವನ್ನೂ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದರು. ತಾನೇ ಮೊದಲು ನಕ್ಕುಬಿಟ್ಟರೆ ಊರಿಗೆ ನಗಲು ಏನೂ ಉಳಿಯುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರ.

ಒಂದೇ ಒಂದು ವಿಷಯದಲ್ಲಿ ಅವರಿಗೆ ನಗು ಬರುತ್ತಿರಲಿಲ್ಲ. ಅದು ಐಸ್. ಕೌಂಟರಿನ ಕೆಳಗೆ ಸ್ಟೀಲಿನ ಐಸ್ ಪೆಟ್ಟಿಗೆ, ಪಕ್ಕದ ಕೊಕ್ಕೆಗೆ ಕಬ್ಬಿಣದ ಸೌಟು. ಎಷ್ಟೇ ಆತುರವಿದ್ದರೂ ಸೌಟಿನಿಂದಲೇ ಐಸ್ ತೆಗೆಯಬೇಕು. ಗ್ಲಾಸನ್ನೇ ಅದ್ದಿ ಬಾಚಿಕೊಳ್ಳುವುದು ಸುಲಭ, ಎಲ್ಲ ಸೋಮಾರಿಗಳೂ ಹಾಗೇ ಮಾಡುತ್ತಾರೆ. ಆದರೆ ಗ್ಲಾಸಿನ ಅಂಚು ಚಕ್ಕೆ ಎದ್ದರೆ ಐಸಿನೊಳಗೆ ಗಾಜು ಯಾವ ಕಣ್ಣಿಗೂ ಕಾಣುವುದಿಲ್ಲ. "ಒಂದು ಚೂರು ಬಿತ್ತು ಅಂದ್ರೆ ಐಸ್ ಸತ್ತುಹೋಯ್ತು ಅಂತಲೇ ಲೆಕ್ಕ" ಅನ್ನುತ್ತಿದ್ದರು. ಸತ್ತ ಐಸಿನ ಮೇಲೆ ಆ ಕ್ಷಣವೇ ಕೆಂಪು ಶರಬತ್ತು ಸುರಿಯಬೇಕು, ಗೊತ್ತಿಲ್ಲದ ಇನ್ನೊಂದು ಕೈ ಅದನ್ನು ಮುಟ್ಟಬಾರದು. ಆಮೇಲೆ ಬಿಸಿನೀರು ಹಾಕಿ ಕರಗಿಸಿ, ಪೆಟ್ಟಿಗೆ ಒರೆಸಿ, ಹೊಸದು ತುಂಬಬೇಕು. ಕೆಂಪು ಬಾಟಲಿ ಸದಾ ಅವರ ಬಲಗೈ ಹತ್ತಿರವೇ ಇರುತ್ತಿತ್ತು.

ಮೇಷ್ಟ್ರಿಗೆ ಒಬ್ಬಳೇ ಮಗಳು. ಸಣ್ಣವಳಿದ್ದಾಗ ಶಾಲೆ ಬಿಟ್ಟು ನೇರ ಇಲ್ಲಿಗೇ ಬರುತ್ತಿದ್ದಳು. ಖಾಲಿ ಹೊತ್ತಿನ ಬಾರಿನಲ್ಲಿ ಸ್ಟೂಲಿನ ಮೇಲೆ ಕಾಲು ತೂಗಾಡಿಸುತ್ತಾ ಕೂತು, ಅಪ್ಪ ಕೊಟ್ಟ ಐಸನ್ನು ಕಟುಂ ಕಟುಂ ಅಗಿಯುತ್ತಿದ್ದಳು. "ಹಲ್ಲು ಹಾಳಾಗುತ್ತೆ ಕಣ್ರೀ, ಕೊಡಬೇಡಿ" ಎಂದು ಹೆಂಡತಿ ಬೈದರೂ ಮೇಷ್ಟ್ರು ಕೇಳುತ್ತಿರಲಿಲ್ಲ, ಆ ಸದ್ದೆಂದರೆ ಅವರಿಗೆ ಅಷ್ಟು ಮುದ್ದು. ಮಗಳಿಗೆ ಈಗ ಇಪ್ಪತ್ತಾರು, ಅಭ್ಯಾಸ ಬಿಟ್ಟಿರಲಿಲ್ಲ.

ಆ ದಿನ ಮಧ್ಯಾಹ್ನ ಮೂರಕ್ಕೆ ಅವಳು ತಾನು ಮದುವೆಯಾಗಬೇಕೆಂದಿದ್ದ ಹುಡುಗನ ತಾಯಿಯನ್ನು ಕರೆದುಕೊಂಡು ಬಂದಳು. ಆಕೆ ನಿವೃತ್ತ ನರ್ಸು. ನೆಟ್ಟಗಿನ ಬೆನ್ನು, ಕಡಿಮೆ ಮಾತು. ಬಾರಿನವನ ಮಗಳು ಎಂಬ ವಿಷಯ ಆಕೆಗೆ ಪೂರ್ತಿ ಜೀರ್ಣವಾಗಿರಲಿಲ್ಲ. "ಮನೆಗೆ ಬಂದರೆ ಎಲ್ಲರೂ ಒಳ್ಳೆಯವರೇ. ಕೆಲಸ ಮಾಡೋ ಜಾಗದಲ್ಲಿ ನೋಡ್ತೀನಿ" ಅಂದಿದ್ದರಂತೆ.

ಮೇಷ್ಟ್ರು ಬೆಳಗಿನಿಂದ ಕೌಂಟರ್ ಉಜ್ಜಿ ಕನ್ನಡಿ ಮಾಡಿದ್ದರು. ಆದರೆ ಗ್ರಹಚಾರಕ್ಕೆ ಕನ್ನಡಿ ಯಾಕೆ? ಮೊದಲ ಸೋಡಾ ಬಾಟಲಿ ತೆರೆದದ್ದೇ ತಡ, ಬುಸ್ಸೆಂದು ಉಕ್ಕಿ ಆಕೆಯ ಕನ್ನಡಕ ತೋಯಿಸಿತು. ಒರೆಸುವ ಬಟ್ಟೆಗೆಂದು ಬಗ್ಗಿದರೆ ತೆರೆದಿದ್ದ ಡ್ರಾಯರಿಗೆ ತಲೆ ಬಡಿಯಿತು, ಆ ಹೊಡೆತಕ್ಕೆ ಕೊಕ್ಕೆಯಲ್ಲಿದ್ದ ಸೌಟು ಕಳಚಿ ಕೊಳಕು ನೀರಿನ ಬಕೆಟ್ಟಿಗೆ ಬಿತ್ತು. ಎರಡನೇ ಸ್ಟೂಲಿನಲ್ಲಿದ್ದ ಹಳೇ ಗಿರಾಕಿ ಕಿಸಕ್ಕೆಂದ. ಮೇಷ್ಟ್ರು ಇಂಗು ತಿಂದ ಮಂಗನಂತಾದರು. ಇಷ್ಟು ವರ್ಷ ತಾನೇ ಮೊದಲು ನಗುತ್ತಿದ್ದ ಮನುಷ್ಯನಿಗೆ ಇವತ್ತು ನಗು ಬರಲಿಲ್ಲ, ಮಗಳ ಮುಖ ನೋಡುವ ಧೈರ್ಯವೂ ಆಗಲಿಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ. ಸೌಟು ತೊಳೆಯುವಷ್ಟು ತಾಳ್ಮೆಯಿಲ್ಲದೆ ಅವರು ಗ್ಲಾಸನ್ನೇ ಐಸಿಗೆ ಅದ್ದಿದರು.

ಟಿಕ್ ಎಂದಿತು. ಅಷ್ಟೇ, ಬೇರೆ ಯಾರಿಗೂ ಕೇಳಲಿಲ್ಲ. ಗ್ಲಾಸ್ ಎತ್ತಿ ನೋಡಿದರೆ ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಗಾಜು ಇರಲಿಲ್ಲ.

ಕೈ ತನ್ನಷ್ಟಕ್ಕೇ ಕೆಂಪು ಬಾಟಲಿಗೆ ಹೋಯಿತು, ಅಲ್ಲೇ ನಿಂತಿತು. ಸುರಿದರೆ ಆಕೆ ಏನೆಂದು ಕೇಳುತ್ತಾರೆ. ಹೇಳಿದರೆ ಐದು ನಿಮಿಷದಲ್ಲಿ ಮೂರನೇ ಎಡವಟ್ಟು. ಓದೋದು ಶಾಸ್ತ್ರ, ಇಕ್ಕೋದು ಗಾಳ ಅಂತ ಹಳೇ ಗಿರಾಕಿ ನಾಳೆ ಊರೆಲ್ಲ ಡಂಗುರ ಸಾರುತ್ತಾನೆ. ಇವರು ಅರ್ಧ ಗಂಟೆಯಲ್ಲಿ ಹೋಗುವವರು, ಹೋದಮೇಲೆ ಸುರಿದರಾಯಿತು. ಮೇಷ್ಟ್ರು ಚಕ್ಕೆ ಎದ್ದ ಗ್ಲಾಸನ್ನು ಕೆಳಗಿನ ಹಲಗೆಯ ಮೇಲೆ ಬೋರಲು ಹಾಕಿ, ಐಸ್ ಪೆಟ್ಟಿಗೆಯ ಮುಚ್ಚಳ ಎಳೆದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಅವರೂ ಬೇಕಾದಷ್ಟು ಸಲ ಆಡಿಕೊಂಡು ನಕ್ಕಿದ್ದರು.

"ಐಸ್ ಬೇಡ ಅಲ್ವಾ ಅಮ್ಮ? ಗಂಟಲಿಗೆ ಒಳ್ಳೇದಲ್ಲ" ಎಂದು ಬರೀ ನಿಂಬೆ ಸೋಡಾ ಕೊಟ್ಟರು.

"ಬೇಡವೇ ಬೇಡ. ಸರಿಯಾಗಿ ಹೇಳಿದ್ರಿ" ಎಂದ ಆಕೆಯ ಮುಖ ಮೊದಲ ಸಲ ಸಡಿಲವಾಯಿತು. "ಬನ್ನಿ, ಈಚೆ ಬಂದು ಕೂತ್ಕೊಳ್ಳಿ. ನಿಂತೇ ಮಾತಾಡೋದಾ?"

ಬೇಡ ಅನ್ನುವುದು ಹೇಗೆ? ಆಕೆ ಎದ್ದು ಗೋಡೆ ಬದಿಯ ಮೇಜಿಗೆ ಹೋದರು, ಮೇಷ್ಟ್ರು ಕೌಂಟರಿಗೆ ಬೆನ್ನು ಹಾಕಿ ಎದುರಿನ ಕುರ್ಚಿಯಲ್ಲಿ ಕೂತರು. ಮಗಳು ಸ್ಟೂಲಿನ ಮೇಲೇ ಉಳಿದಳು. ಅಷ್ಟರಲ್ಲಿ ಅಕ್ಕ, ಎಂದರೆ ಹದಿನೈದು ವರ್ಷದಿಂದ ಜೊತೆಗೆ ದುಡಿಯುತ್ತಿದ್ದ, ಎಲ್ಲರೂ ಹಾಗೇ ಕರೆಯುವ ಹೆಂಗಸು, ಊಟ ಮುಗಿಸಿ ಬಂದು ಕೌಂಟರಿನ ಹಿಂದೆ ನಿಂತಳು. ಐಸಿನ ಮೇಲೆ ಕೆಂಪಿದ್ದಿದ್ದರೆ ಅವಳಿಗೆ ಬೇರೆ ಮಾತು ಬೇಕಿರಲಿಲ್ಲ. ಹೋಗಿ ಕಿವಿಯಲ್ಲಿ ಹೇಳಿಬರೋಣ ಎಂದು ಮೇಷ್ಟ್ರು ಅರ್ಧ ಎದ್ದರು.

"ನಿಮ್ಮ ಕೆಲಸದಲ್ಲಿ ಹೀಗೆ ಸೋಡಾ ಚಿಮ್ಮೋದೆಲ್ಲ ಮಾಮೂಲೇನು?" ಎಂದು ಆಕೆ ಕೇಳಿದರು. ದನಿಯಲ್ಲಿ ನಗು ಇತ್ತು.

ಮೇಷ್ಟ್ರು ಮತ್ತೆ ಕೂತರು. ಬೋಳು ತಲೆಯ ಮ್ಯಾನೇಜರ ಕಥೆ ಹೇಳಿದರು, ಆಕೆ ನಕ್ಕರು. ಮೊನ್ನೆಯ ಮೇಡಂ ಕಥೆಗೆ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ನಿಂಬೆ ಸಿಪ್ಪೆಯ ಹೊತ್ತಿಗೆ ಕಣ್ಣಲ್ಲಿ ನೀರು. ಮೇಷ್ಟ್ರ ಎದೆಯ ಭಾರ ಇಳಿಯಿತು. ಗೆದ್ದೆ ಅನ್ನಿಸಿತು, ಮಗಳ ಬಾಳು ದಡ ಮುಟ್ಟಿತು ಅನ್ನಿಸಿತು.

ಆಕೆ ಕಣ್ಣೊರೆಸಿಕೊಂಡು ಕೇಳಿದರು, "ಎಲ್ಲ ನಗೋ ವಿಷಯಾನೇ ಆಯ್ತು. ನಿಮ್ಮ ಕೈಯಿಂದ ಯಾರಿಗಾದ್ರೂ ಪೆಟ್ಟಾಗಿದ್ದು ಉಂಟಾ?"

"ಇಲ್ಲಮ್ಮ. ಮೂವತ್ತೊಂದು ವರ್ಷದಲ್ಲಿ ಒಂದು ಸಲಾನೂ ಇಲ್ಲ."

ಬೆನ್ನ ಹಿಂದೆ ಕಟುಂ ಎಂದಿತು.

ಮೇಷ್ಟ್ರು ತಿರುಗಿದರು. ಮಗಳ ಕೈಯಲ್ಲಿ ಖಾಲಿಯಾಗುತ್ತಾ ಬಂದ ಗ್ಲಾಸು, ಒಂದು ಕೆನ್ನೆ ಉಬ್ಬಿತ್ತು, ದವಡೆ ಆಡುತ್ತಿತ್ತು. ಅಕ್ಕ ತೊಳೆದ ಸೌಟನ್ನು ಕೊಕ್ಕೆಗೆ ಸಿಗಿಸುತ್ತಿದ್ದಳು.

"ಉಗಿ!" ಎಂದು ಕಿರುಚಿದರು. ಕುರ್ಚಿ ಹಿಂದಕ್ಕೆ ಬಿತ್ತು. "ಉಗಿಯೇ, ಉಗಿ, ನನ್ನ ಕೈಗೆ ಉಗಿ!"

ಮಗಳು ಗಾಬರಿಯಾಗಿ ಅಪ್ಪನ ಬೊಗಸೆಗೆ ಉಗಿದಳು. ಚಿಕ್ಕಂದಿನಲ್ಲಿ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಹೀಗೇ ಉಗಿಸುತ್ತಿದ್ದರು.

"ಗ್ಲಾಸ್ ಒಡೀತು. ನಾನೇ ಅದ್ದಿದೆ, ನಾನೇ ಮುಚ್ಚಿಟ್ಟೆ" ಎಂದು ಮೇಷ್ಟ್ರು ಯಾರನ್ನೂ ನೋಡದೆ ಹೇಳಿದರು. ಈಗ ಹಳೇ ಗಿರಾಕಿಯೂ ನಗಲಿಲ್ಲ.

ಬೊಗಸೆಯಲ್ಲಿ ಐಸ್ ಕರಗುತ್ತಾ ಬಂತು. ಎಲ್ಲರೂ ಬಗ್ಗಿ ನೋಡಿದರು. ಒಂದೊಂದೇ ಚೂರು ನೀರಾಯಿತು, ಬೆರಳ ಸಂದಿಯಿಂದ ಸೋರಿತು. ಒಂದು ಚೂರು ಮಾತ್ರ ಕರಗಲಿಲ್ಲ.

"ಸದ್ಯ ಸಿಕ್ತಲ್ಲ ಅಪ್ಪ" ಎಂದು ಮಗಳು ನಗಲು ನೋಡಿದಳು.

ಮೇಷ್ಟ್ರು ಕೌಂಟರಿನ ಹಿಂದೆ ಹೋದರು. ಕೆಳಗಿನ ಹಲಗೆಯಿಂದ ಗ್ಲಾಸ್ ತೆಗೆದು, ಆ ಚೂರನ್ನು ಅಂಚಿಗೆ ಹೊಂದಿಸಿದರು. ಸರಿಯಾಗಿ ಕೂತಿತು, ಆದರೆ ಅರ್ಧಕ್ಕೆ. ಉಳಿದರ್ಧದಲ್ಲಿ ಗಾಳಿ ಆಡುತ್ತಿತ್ತು.

"ನುಂಗಿದ್ಯಾ?" ಎಂದು ಹುಡುಗನ ತಾಯಿ ಕೇಳಿದರು. ಆಗಲೇ ಕೈಚೀಲ ಹೆಗಲಿಗೇರಿತ್ತು.

"ಗೊತ್ತಿಲ್ಲ ಆಂಟಿ. ಒಂದ್ಸಲ ಗಂಟಲಲ್ಲಿ ಚುಚ್ಚಿದ ಹಾಗಾಯ್ತು. ಐಸ್ ಅಂದ್ಕೊಂಡೆ."

"ನಡಿ. ಈಗಲೇ ಆಸ್ಪತ್ರೆಗೆ ಹೋಗಬೇಕು. ಮಾತಾಡಬೇಡ, ಏನೂ ಕುಡೀಬೇಡ." ಆಕೆ ಮಗಳ ತೋಳು ಹಿಡಿದು ಹೊರಟರು. ಮೇಷ್ಟ್ರ ಕಡೆ ತಿರುಗಿಯೂ ನೋಡಲಿಲ್ಲ.

ಮೇಷ್ಟ್ರು ಅವರ ಹಿಂದೆ ಓಡಿದರು, ಬಾಗಿಲಲ್ಲಿ ಒಮ್ಮೆ ತಿರುಗಿದರು. ಅಕ್ಕ ಅಳುತ್ತಾ ಕೆಂಪು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವರು ಕಲಿಸಿದ ಹಾಗೆಯೇ, ಐಸಿನ ಮೂಲೆ ಮೂಲೆಗೂ ಸುರಿಯುತ್ತಿದ್ದಳು.