ಏಣಿಯಣ್ಣನ ಸರಳರೇಖೆ

ನಮ್ಮದು ಪಂಪಿನ ಬಿಡಿಭಾಗಗಳ ಸಗಟು ಅಂಗಡಿ. ಮೇಲಿನ ಕೋಣೆಯಲ್ಲಿ ಕಿಟಕಿ ಪಕ್ಕ ಕೂತು ಬಿಲ್ಲು ಬರೆಯುವ ಪದವೀಧರ ನಾನು. ನೆಲಮಾಳಿಗೆಯ ಗೋದಾಮಿನಲ್ಲಿ ಏಣಿ ಹತ್ತಿ ಸಾಮಾನು ತೆಗೆಯುವವನು ಏಣಿಯಣ್ಣ. ನಮ್ಮಿಬ್ಬರ ನಡುವೆ ನೆಲದಲ್ಲೊಂದು ಕಿಂಡಿ. "ನಾಲ್ಕು-ಎರಡು!" ಎಂದು ನಾನು ಕೂಗಿದರೆ ಆತ ನಾಲ್ಕನೇ ಹಲಗೆಯ ಎರಡನೇ ಖಾನೆಗೆ ಕೈಹಾಕಿ, ವಾಷರೋ ಬೇರಿಂಗೋ ಬುಟ್ಟಿಗೆ ಹಾಕಿ ಹಗ್ಗ ಅಲ್ಲಾಡಿಸುತ್ತಿದ್ದ. ನಾನು ಎಳೆದುಕೊಳ್ಳುತ್ತಿದ್ದೆ. ಒಟ್ಟಿನಲ್ಲಿ ನನ್ನ ಪದವಿಗೆ ಸಿಕ್ಕಿದ್ದು ಬಾವಿಯಿಂದ ನೀರು ಸೇದುವ ಕೆಲಸ.

ಗೋದಾಮಿಗೆ ಕಿಟಕಿಯಿಲ್ಲ, ಹಗಲಿಡೀ ಟ್ಯೂಬ್‌ಲೈಟು. ಮದುವೆಗೆ ಮುಂಚೆ ಅಲ್ಲಿಗಿಳಿದವನು ಏಣಿಯಣ್ಣ. ಈಗ ಮಗಳೇ ಮದುವೆಯ ವಯಸ್ಸಿಗೆ ಬಂದಿದ್ದಾಳೆ, ಮಂಡಿ ಅಜ್ಜನ ವಯಸ್ಸಿಗೆ. ಡಾಕ್ಟರು ಏಣಿ ಬಿಡಿ ಅಂದರು. ಮೇಲೆ ಕುರ್ಚಿ ಕೆಲಸ ಕೇಳಿದ್ದಕ್ಕೆ ಮ್ಯಾನೇಜರ್ ಸಾಹೇಬರು, "ಹತ್ತನೇ ಕ್ಲಾಸ್ ಪಾಸಾಗಿ ಬಾರಪ್ಪ, ನಾಳೇನೇ ಕೊಡ್ತೀನಿ" ಅಂದರು. ಏಣಿಯಣ್ಣ ಹಿಂದೆ ಗಣಿತವೊಂದರಲ್ಲೇ ಡುಮ್ಕಿ ಹೊಡೆದಿದ್ದ.

"ಡಿಗ್ರಿ ಓದಿದೋನಲ್ವಾ ತಮ್ಮಾ, ಆ ಗೆರೆ ಎಳೆಯೋ ಲೆಕ್ಕ ಹೇಳ್ಕೊಡು. ಇಲ್ಲಾಂದ್ರೆ ನನ್ನ ಹೆಣಾನೂ ಈ ಬುಟ್ಟೀಲೇ ಎಳ್ಕೋಬೇಕಾಗುತ್ತೆ ನೀನು."

ಊಟದ ಬಿಡುವಿನಲ್ಲಿ ಕೆಳಗಿಳಿಯತೊಡಗಿದೆ. ಎಕ್ಸ್ ಅಡ್ಡಕ್ಕೆ, ವೈ ಮೇಲಕ್ಕೆ ಎಂದು ಹೇಳಿ, ಎರಡೂ ಕೂಡಿದರೆ ಆರಾಗುವ ಸಮೀಕರಣ ಕೊಟ್ಟೆ. ಎಕ್ಸ್ ಒಂದಾದರೆ ವೈ ಐದು, ಎರಡಾದರೆ ನಾಲ್ಕು. ಆತ ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳನ್ನಿಟ್ಟು ಸೇರಿಸಿದ. ಗೆರೆ ನೆಟ್ಟಗೆ ಬಂತು. "ಭೇಷ್!" ಅಂದೆ, ನನ್ನ ಬೆನ್ನನ್ನೇ ತಟ್ಟಿಕೊಳ್ಳುತ್ತ.

ಮುಂದಿನದು, ಎಕ್ಸ್‌ನ ಎರಡರಷ್ಟಕ್ಕೆ ಒಂದು ಸೇರಿಸಿದರೆ ವೈ. ಎಕ್ಸ್ ಒಂದು ಹೆಜ್ಜೆ ಇಟ್ಟರೆ ವೈ ಎರಡು ಏರಬೇಕು. ಗೆರೆ ಕಡಿದಾಗಿ ಹತ್ತಬೇಕು. ಏಣಿಯಣ್ಣನದು ಮಲಗಿಬಿಟ್ಟಿತ್ತು.

"ಇದು ಹತ್ತಬೇಕಿತ್ತಣ್ಣಾ."

"ಅದಕ್ಕೂ ಮಂಡಿನೋವೇನೋ."

ನೋಡಿದರೆ, ಒಂದು-ಮೂರು ಎಂದರೆ ಆತ ಒಂದು ಮನೆ ಮೇಲೆ, ಮೂರು ಮನೆ ಅಡ್ಡ ಹೋಗುತ್ತಿದ್ದ. ಗೋದಾಮಿನ ಲೆಕ್ಕ! ಮೊದಲು ಹಲಗೆ, ಆಮೇಲೆ ಖಾನೆ. ಆರರ ಗೆರೆಯ ಮೇಲೆ ಒಂದು-ಐದೂ ಇದೆ, ಐದು-ಒಂದೂ ಇದೆ. ಅದಲುಬದಲಾದರೂ ಅದೇ ಗೆರೆ. ಹಾಗಾಗಿ ನನ್ನ ಪಾಂಡಿತ್ಯಕ್ಕೆ ಏನೂ ಗೊತ್ತಾಗಿರಲಿಲ್ಲ.

ತಿಳಿಹೇಳಿದೆ, ಗದರಿದೆ, ಕೈಮುಗಿದೆ. ಪೆನ್ಸಿಲ್ಲು ಮೊದಲು ಮೇಲಕ್ಕೇ ಹೋಗುತ್ತಿತ್ತು.

"ನನ್ನ ಕೈ ನನ್ನ ಮಾತೇ ಕೇಳಲ್ಲ ತಮ್ಮಾ. ಬಿಡು, ಇಲ್ಲೇ ಸಾಯ್ತೀನಿ," ಎಂದು ಗೋಡೆಗೆ ಮುಖಮಾಡಿ ಕೂತ.

ನಾನು ಏಣಿ ಎಳೆದೆ. "ಹತ್ತೋಕೆ ಮುಂಚೆ ಏನ್ಮಾಡ್ತೀರ?"

"ಏಣಿ ಸರಿಸ್ತೀನಿ. ಗಾಳೀಲಿ ಹತ್ತೋಕಾಗುತ್ತಾ?"

"ಅಷ್ಟೇ. ಎಕ್ಸ್ ಅಂದ್ರೆ ಏಣಿ ಸರಿಸೋದು, ವೈ ಅಂದ್ರೆ ಹತ್ತೋದು."

ಅಂದಿನಿಂದ ಆತ ಕೆಳಗೆ ಕೂತು ಚುಕ್ಕಿ ಓದುವುದು, ನಾನು ಏಣಿ ಸರಿಸಿ ಹತ್ತಿ ತೋರಿಸುವುದು. ಆತನ ಕೈ ನಿಧಾನಕ್ಕೆ ಪಳಗಿತು. ಯಾವ ಖಾನೆಯಲ್ಲಿ ಏನಿದೆ ಎಂಬುದು ನನಗೂ ಬಾಯಿಪಾಠವಾಯಿತು. ಒಮ್ಮೆ ಸಾಹೇಬರು ಕಿಂಡಿಯಲ್ಲಿ ಇಣುಕಿ, "ಪರವಾಗಿಲ್ವೇ, ಚೆನ್ನಾಗಿ ಹತ್ತುತ್ತೀಯಲ್ಲಯ್ಯ!" ಅಂದರು. ಹೊಗಳಿಕೆ ಎಂದುಕೊಂಡು ಹಲ್ಲುಕಿರಿದೆ.

ಏಣಿಯಣ್ಣ ಪಾಸಾದ. ಸಾಹೇಬರು ಮಾತಿಗೆ ತಪ್ಪಲಿಲ್ಲ.

"ಮೇಲಿರೋದು ಒಂದೇ ಕುರ್ಚಿ," ಎಂದು ನನ್ನ ಮಂಡಿ ನೋಡಿದರು. "ನೀನು ಕೆಳಗೆ, ಇವನು ಮೇಲೆ. ಲೆಕ್ಕ ಸರಿಹೋಯ್ತಲ್ಲ!"

ಏಣಿಯಣ್ಣ ನನ್ನ ಮುಖ ನೋಡಲಿಲ್ಲ. ಕಿಟಕಿ ನೋಡುತ್ತಿದ್ದ.

ಈಗ ಕಿಂಡಿಯಿಂದ ಇಳಿಯುವುದು ಆತನ ದನಿ. ನಿನ್ನೆ "ಮೂರು-ಐದು!" ಅಂದ. ಮೂರನೇ ಖಾನೆಗೆ ಏಣಿ ಸರಿಸಿ ಐದನೇ ಹಲಗೆಗೆ ಹತ್ತಿದೆ. ಮೇಲೆ ಹೋದ ಬುಟ್ಟಿ ಹಾಗೇ ವಾಪಸ್ಸು ಬಂತು.

"ಅದಲ್ಲ ತಮ್ಮಾ. ಮೊದಲ್ನೇದು ಹಲಗೆ, ಮರೆತ್ಯಾ?"

"ಗೊತ್ತಣ್ಣಾ. ಕೈ ಕೇಳಲ್ಲ."

"ನೀನೂ ಯಾವ್ದಾದ್ರೂ ಪರೀಕ್ಷೆ ಕಟ್ಟೋ. ಪಾಸಾದ್ರೆ ಮೇಲೆ ಬರ್ಬೋದು."

"ನಾನು ಎಲ್ಲಾ ಪಾಸಾಗಿದೀನಲ್ಲಣ್ಣಾ."

ಮೇಲೆ ಬಿಲ್ಲಿನ ಹಾಳೆ ಮಗುಚಿದ ಸದ್ದು. ಆಮೇಲೆ ಮೆತ್ತಗೆ, "ಸರಿ, ಮೊದಲು ಇದನ್ನ ಕಳಿಸು. ಇದು ತಪ್ಪೋಕೆ ಸಾಧ್ಯಾನೇ ಇಲ್ಲ. ನಾಲ್ಕು-ನಾಲ್ಕು."

ನಾನು ಏಣಿ ಸರಿಸಿದೆ.