ಗುರುಸಿದ್ದವ್ವನ ಅಂಗೈ

ನಸುಕಿನಲ್ಲೇ ಎಮ್ಮೆ ಹಿಂಡಿ, ಅಂಗಳ ಗುಡಿಸಿ, ಮನೆಮಂದಿಗೆಲ್ಲ ಮೂವತ್ತು ರೊಟ್ಟಿ ಬಡಿದಿಟ್ಟು ಗುರುಸಿದ್ದವ್ವ ಜಯಸಿಂಗಪುರದ ಓಣಿಯ ಹಸುಗೂಸುಗಳಿಗೆ ನೀರೆರೆಯಲು ಹೊರಡುತ್ತಾಳೆ. ಬಚ್ಚಲ ಹಬೆಯಲ್ಲಿ ಅವಳು ಎಣ್ಣೆ ತಿಕ್ಕತೊಡಗಿದರೆ ಕೂಸಷ್ಟೇ ಅಲ್ಲ, ಬಾಗಿಲಲ್ಲಿ ನಿಂತವರೂ ಆಕಳಿಸುತ್ತಾರೆ. "ತೊಗಲಿಗೂ ಕಣ್ಣ ಇರ್ತಾವ ನೋಡವಾ. ಕೂಸು ಅವ್ವನ್ನ ಮೊದಲ ಗುರ್ತಾ ಹಿಡಿಯೂದು ತೊಗಲಿನಿಂದನ" ಎನ್ನುತ್ತಾಳೆ. ಮೊನ್ನೆ ಬಾಣಂತಿ ನೇತ್ರಾ, "ನೀರು ಭಾಳ ಕಾದಾವೇನ್ರಿ, ಆಯಿ?" ಎಂದಳು. ಅಂಗೈ ಅದ್ದಿ, "ಉಗುರುಬೆಚ್ಚಗ ಅದಾವ" ಎನ್ನುವಷ್ಟರಲ್ಲಿ ಮೊಣಕೈಗೆ ಸಿಡಿದ ಹನಿ ಚುರ್ ಎಂದಿತು. ನಲವತ್ತು ವರ್ಷ ರೊಟ್ಟಿ ಬಡಿದ ಅಂಗೈ ಜಡ್ಡುಗಟ್ಟಿ ಕುರುಡಾಗಿತ್ತು. ತಣ್ಣೀರು ಬೆರೆಸಿ, ಮೊಣಕೈಯಿಂದ ನೋಡಿ ಎರೆದಳು. ಕೂಸುಗಳನ್ನು ಬಿಡುವುದೋ, ರೊಟ್ಟಿಯನ್ನೋ? ದಾರಿಯುದ್ದಕ್ಕೂ ಒಬ್ಬಳೇ ಯೋಚಿಸಿದಳು. ಮರುದಿನ ನಸುಕಿನಲ್ಲಿ ರೊಟ್ಟಿಯ ಹಂಚನ್ನು ಒಲೆಗೇರಿಸದೆ, ಅಂಗೈಗೆ ಬೆಣ್ಣೆ ಸವರಿಕೊಂಡು ಕೂತಳು.