ಮಸಿ ಬಳಿದ ಸಾಲು

ಹಳೇ ರಾಗಿಯ ಮುಗ್ಗಲು ವಾಸನೆ ಎಲ್ಲಿ ಮೂಗಿಗೆ ಬಡಿದರೂ, ಯಾರೋ ಬೆನ್ನ ಹಿಂದೆ ನಿಂತು ಕಿವಿಗೊಟ್ಟಿದ್ದಾರೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಕೊಪ್ಪದ ಹತ್ತಿರದ ನಮ್ಮ ತೊಟ್ಟಿಮನೆಯಲ್ಲಿ ರಾಗಿ ತುಂಬಿಡುತ್ತಿದ್ದುದು ನೆಲದೊಳಗಿನ ಹಗೇವಿನಲ್ಲಿ. ಬಾಯಿಕಲ್ಲು ಸರಿಸಿದರೆ ಬಿಸಿಯುಸಿರಿನ ಹಾಗೆ ಆ ವಾಸನೆ ಏಳುತ್ತಿತ್ತು. ಯುದ್ಧದ ಕಾಲ ಅದು. ಮನೆಗೆ ಇಷ್ಟೇ ಎಂದು ಬಿಟ್ಟು, ಮಿಕ್ಕ ರಾಗಿಯನ್ನು ಸರ್ಕಾರದವರು ಲೆವಿ ಎಂದು ಅಳೆದುಕೊಂಡು ಹೋಗುತ್ತಿದ್ದರು. ಅದಕ್ಕೇ ತಾತ ಕೊಟ್ಟಿಗೆಯಲ್ಲಿ, ಎತ್ತುಗಳ ಕಾಲಡಿ, ಇನ್ನೊಂದು ಹಗೇವು ತೋಡಿಸಿ ಮೇಲೆ ಸಗಣಿ ಸಾರಿಸಿದ್ದ. ಊರಿನಲ್ಲಿ ಹೊಸ ಮುಖ ಕಂಡರೆ ಎಲೆಅಡಿಕೆ ಜಗಿಯುವುದನ್ನೇ ನಿಲ್ಲಿಸಿ ನೋಡುತ್ತಿದ್ದ.

ಹಾಗೆ ಕಂಡ ಹೊಸ ಮುಖ, ಮಳವಳ್ಳಿ ಕಡೆಯಿಂದ ಬಂದ ನಮ್ಮ ಮೇಷ್ಟ್ರು. ಅವರ ಪಾಠವೇ ವಿಚಿತ್ರ. ಐದೈದು ಮಕ್ಕಳನ್ನು ದುಂಡಗೆ ಕೂರಿಸಿ ಒಂದು ಪ್ರಶ್ನೆ ಕೊಡುತ್ತಿದ್ದರು. ತಲೆಗೆ ಹೊಳೆದಿದ್ದನ್ನೆಲ್ಲ ಹೇಳಬೇಕು, ಯಾರೂ ನಗಬಾರದು, ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸಬೇಕು. ಎಲ್ಲವನ್ನೂ ಅವರು ಹೆಸರಿಲ್ಲದೆ ತಮ್ಮ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದರು. "ಮಕ್ಳ್ ಬಾಯಿಂದ ಮನೆ ಇಸ್ಯ ಬರ್ಕೊಳೋನು ಮೇಷ್ಟ್ರಾ, ಪೋಲೀಸಾ?" ಎಂದು ತಾತ ಗೊಣಗುತ್ತಿದ್ದ. ನನಗೋ ಆ ದುಂಡು ಪಂಗಡವೆಂದರೆ ಪ್ರಾಣ. ಹೆಣ್ಣುಹುಡುಗಿಯ ಮಾತನ್ನು ಮುಗಿಯುವ ತನಕ ಕೇಳುತ್ತಿದ್ದ ಜಾಗ ಅದೊಂದೇ. ಒಂದು ದಿನ, ಇಲಿಗಳಿಂದ ರಾಗಿ ಉಳಿಸುವುದು ಹೇಗೆ ಎಂದು ಕೇಳಿದರು. ಬೇವಿನ ಸೊಪ್ಪು, ಬೂದಿ, ಬೆಕ್ಕು ಎಲ್ಲ ಆಯಿತು. ಹುರುಪಿನಲ್ಲಿ ನಾನು, "ಕೊಟ್ಟಿಗೇಲಿ ಎತ್ತಿನ ಕಾಲ್ಕೆಳ್ಗೆ ಅಗೇವು ಮಾಡುದ್ರೆ ಇಲಿ ಬರಾಕಿಲ್ಲ ಸಾ, ನಮ್ ತಾತ ಅಂಗೇ ಮಾಡವ್ನೆ" ಅಂದುಬಿಟ್ಟೆ. ಬರೆದು ಮುಗಿಸಿದ ಮೇಷ್ಟ್ರು ನನ್ನನ್ನೊಮ್ಮೆ ನೋಡಿ, ಇವತ್ತಿಗೆ ಸಾಕು ಎಂದರು.

ವಾರದೊಳಗೆ ಲೆವಿಯವರು ನೇರ ಕೊಟ್ಟಿಗೆಗೇ ಬಂದು, ಎತ್ತು ಬಿಚ್ಚಿಸಿ ನೆಲ ಅಗೆದರು. ಹೇಳಿದವರು ಯಾರೋ. ನನ್ನ ಪಂಗಡದ ನಾಲ್ವರ ಮೇಲೂ, ಹಗೇವು ತೋಡಿದ ಆಳುಗಳ ಮೇಲೂ ನನಗೆ ಗುಮಾನಿ ಇತ್ತು, ಈಗಲೂ ಇದೆ. ತಾತನಿಗೆ ಮಾತ್ರ ಮೇಷ್ಟ್ರೇ ಎಂದು ಖಾತ್ರಿ. ಅವರನ್ನು ಜಗಲಿಗೆ ಕರೆಸಿ, ಊರವರ ಮುಂದೆ ಪುಸ್ತಕ ಕಿತ್ತುಕೊಂಡು, ತನಗೆ ಓದಲು ಬಾರದ್ದರಿಂದ "ಓದವ್ವ" ಎಂದು ನನ್ನ ಕೈಗಿಟ್ಟ. ಬೇವಿನ ಸೊಪ್ಪು, ಬೂದಿ, ಬೆಕ್ಕು ಎಂದು ಓದಿದೆ. ಅದರ ಕೆಳಗಿನ ಸಾಲಿಗೆ ಕಾಗದ ಹರಿಯುವಷ್ಟು ಒತ್ತಿ ಮಸಿ ಬಳಿದಿತ್ತು. ಅದು ನನ್ನ ಮಾತು. ಯಾರ ಕಣ್ಣಿಗೂ ಬೀಳದಿರಲೆಂದು ಮೇಷ್ಟ್ರು ಆವತ್ತೇ ಅಳಿಸಿದ್ದರು. ತಾತನಿಗೆ ಆ ಕಪ್ಪೇ ಸಾಕ್ಷಿಯಾಯಿತು.

"ಮುಚ್ಚಾಕವ್ರೆ ನೋಡ್ರಪ್ಪ! ನಮ್ಮನೆ ಮುದ್ದೆ ಉಂಡು ನಮ್ಗೇ ಎಲ್ಡು ಬಗುದ್ಬುಟ್ರು! ಅಲ್ಲೇನ್ ಬರ್ದಿತ್ತು, ಯೋಳಿ ಮೇಷ್ಟ್ರೇ!"

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಜಗಲಿಯ ಕಂಬದ ಹಿಂದಕ್ಕೆ ಸರಿದೆ. "ಏನಿಲ್ಲ ಗೌಡ್ರೆ, ಮಸಿ ಚೆಲ್ತು ಅಷ್ಟೆ" ಎಂದರು. ಮಾರನೆಯ ದಿನ ಟ್ರಂಕು ಹೊರಿಸಿಕೊಂಡು ಊರು ಬಿಟ್ಟರು.

ಆಮೇಲೆ ತೊಟ್ಟಿಮನೆ ಪಾಲಾಯಿತು, ಗೋಡೆಗಳೂ ಬಿದ್ದವು, ಜಗಲಿಯಲ್ಲಿ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಹೋದರು. ಸಾಯುವ ತನಕ ತಾತ ಆ ಮೇಷ್ಟ್ರನ್ನು ಬೈಯುತ್ತಿದ್ದ. ಪಕ್ಕದಲ್ಲಿ ಕೂತು ನಾನು ಹೂಂಗುಟ್ಟುತ್ತಿದ್ದೆ.